ಸಿರಿಯಾಂಬೆಯ ಕಡೆಯ ರೀಲು

ಅರಕಲಗೂಡು
14ನೇ ಮಾರ್ಚ್ 1943

ಪರಮಶಿವಯ್ಯನವರಿಗೆ ಪಂಚಾಕ್ಷರಯ್ಯನ ಶರಣು.

ಕ್ಷೇಮಸಮಾಚಾರವನ್ನು ಕಾಗದದ ಕೊನೆಯಲ್ಲಿ ಬರೆಯುತ್ತೇನೆ, ಅಷ್ಟರಲ್ಲಿ ಕೋಪ ಇಳಿದಿದ್ದರೆ.

ನಿಮ್ಮೂರಿನ ವಾರಪತ್ರಿಕೆ ನಿನ್ನೆ ಟಪಾಲಿನಲ್ಲಿ ಬಂತು. ‘ಸತಿ ಸಿರಿಯಾಂಬೆ’ ಚಿತ್ರದ ಮೇಲೆ ನೀವು ಬರೆದ ಎರಡು ಕಾಲಂ ಓದಿದೆ. ವಕೀಲರು ಪತ್ರಿಕೆಗೆ ಬರೆಯಬಾರದೆಂದು ನಾನು ಹೇಳುವುದಿಲ್ಲ. ಆದರೆ ಆರೋಪಿಯನ್ನು ಕರೆಸದೆ, ಸಾಕ್ಷಿ ಕೇಳದೆ, ಹೀಗೆ ಶಿಕ್ಷೆ ಬರೆದು ಮುಗಿಸುವುದನ್ನು ನಿಮ್ಮ ಕೋರ್ಟಿನಲ್ಲಿ ಯಾವ ಮುನ್ಸೀಫನೂ ಮಾಡಲಾರ.

ನೀವೇ ಬರೆದದ್ದನ್ನು ನಿಮಗೇ ಓದಿ ಹೇಳುತ್ತೇನೆ: ‘ಗಂಡನ ಹೆಣ ಅಂಗಳದಲ್ಲಿರುವಾಗ, ಅವನನ್ನು ಕೊಂದ ಮೈದುನನ ಮುಂದೆ ಒಡವೆ ಹೇರಿಕೊಂಡು ಕುಳಿತು ಹಾಡುವವಳು ಯಾವ ಸೀಮೆಯ ಸತಿ? ಒಂದು ಸಲವಲ್ಲ, ಎರಡು ಸಲ ಹಾಡುತ್ತಾಳೆ! ಇಂಥ ಪಾತ್ರವನ್ನು ನಾಚಿಕೆಯಿಲ್ಲದೆ ಮಾಡಿದವಳು ನಮ್ಮ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುವುದೆಂದರೇನು?’

ಚಿತ್ರದ ತಪ್ಪುಗಳನ್ನು ನನಗೆ ಹೇಳಿಕೊಡಬೇಡಿ. ನಾನೂ ಹೊಳೆನರಸೀಪುರದ ಟೆಂಟಿನಲ್ಲಿ ಬೆಂಚಿನ ಮೇಲೆ ಕೂತು ನೋಡಿದ್ದೇನೆ. ಪಾಳೆಯಗಾರನ ಪಾತ್ರದವನಿಗೆ ಕುದುರೆ ಹತ್ತಲು ಇಬ್ಬರು ಹಿಂದಿನಿಂದ ತಳ್ಳಬೇಕು. ಹುಲಿಯ ಹೊಟ್ಟೆಯ ಹೊಲಿಗೆ ಬಿಟ್ಟುಹೋಗಿದೆ. ದೊಡ್ಡಗದ್ದವಳ್ಳಿ ಗುಡಿಯನ್ನು ಕೋಟೆಯೆಂದು ತೋರಿಸಿದ್ದಾರೆ. ಶತ್ರುಸೈನ್ಯ ಮುತ್ತಿಗೆ ಹಾಕಿರುವಾಗ ಪೌಳಿಯ ಗೋಡೆಯ ಮೇಲೆ ಊರಿನ ದನಕಾಯುವವನೊಬ್ಬ ಕೂತು ಕಡ್ಲೆಕಾಯಿ ತಿನ್ನುತ್ತಾನೆ. ನೀವು ಇದನ್ನೆಲ್ಲ ಬರೆದು ನಕ್ಕಿದ್ದರೆ ನಾನೂ ನಗುತ್ತಿದ್ದೆ. ನೀವು ಅದನ್ನೆಲ್ಲ ಬಿಟ್ಟು, ಇಡೀ ಚಿತ್ರದಲ್ಲಿ ನಟನೆಯೆಂದರೇನೆಂದು ಗೊತ್ತಿದ್ದ ಒಬ್ಬಳನ್ನು ಹಿಡಿದು ಹೊಡೆದಿರಿ.

ಗಂಗಾಂಬಿಕೆ ಯಾರೆಂದು ನಿಮಗೆ ಗೊತ್ತು. ಹೊಳೆನರಸೀಪುರದ ಶಾಲೆಯಲ್ಲಿ ನಾನು ಹೆಡ್‌ಮಾಸ್ಟರಾಗಿದ್ದಾಗ ನನ್ನ ಜೊತೆಗಿದ್ದ ಸಣ್ಣಯ್ಯ ಮೇಷ್ಟರ ಮಗಳು. ಮದುವೆಯಾದ ವರ್ಷವೇ ಗಂಡ ಹೋದ. ಅಪ್ಪನೂ ಹೋದರು. ಚನ್ನರಾಯಪಟ್ಟಣದ ಬಾಲಿಕಾ ಪಾಠಶಾಲೆಯಲ್ಲಿ ಸಂಗೀತದ ಮೇಷ್ಟರ ಕೆಲಸ ಸಿಕ್ಕಿದ ಮೇಲೆ ತಾಯಿಯನ್ನೂ ಸಾಕಿಕೊಂಡು ಮರ್ಯಾದೆಯಿಂದ ಬದುಕುತ್ತಿದ್ದಾಳೆ. ಬೇಸಿಗೆ ರಜದಲ್ಲಿ ಈ ಪಾತ್ರ ಮಾಡಲು ಆ ಶಾಲೆಯ ಸಮಿತಿಯೇ ಒಪ್ಪಿಗೆ ಕೊಟ್ಟಿತ್ತು. ಆ ಸಮಿತಿಯಲ್ಲಿ ನೀವೂ ಒಬ್ಬರು. ಅಂದು ಅವಳಿಗೆ ಹಾರ ಹಾಕಿದ ಕೈಗಳಲ್ಲಿ ನಿಮ್ಮ ಕೈಯೂ ಇತ್ತು.

ಇನ್ನೊಂದು ಮಾತು. ನಾನು ನೋಡಿದ ಚಿತ್ರದಲ್ಲಿ ಅವಳು ಹಾಡಿದ್ದು ಒಂದೇ ಸಲ. ನೀವು ಎಲ್ಲಿಂದ ಎರಡು ಎಣಿಸಿದಿರಿ? ಹಾಡಿನ ವಿಷಯದಲ್ಲಿ ನೀವು ಅಷ್ಟು ಕಟುವಾಗಿ ಬರೆದದ್ದೇ ನನಗೆ ಆಶ್ಚರ್ಯ. ನಿಮ್ಮ ಮದುವೆಯಾದ ವಾರ ಹಾಸನಕ್ಕೆ ನಾಟಕದ ಕಂಪನಿ ಬಂದಿತ್ತು. ಯುದ್ಧದಲ್ಲಿ ಸತ್ತುಬಿದ್ದಿದ್ದ ರಾಜಕುಮಾರ ನಿಮ್ಮ ‘ವನ್ಸ್ ಮೋರ್’ ಕೂಗಿಗೆ ಮತ್ತೆ ಮತ್ತೆ ಎದ್ದು ಹಾಡಿ, ಮತ್ತೆ ಮತ್ತೆ ಸತ್ತ. ಆ ಗಂಟಲು ಪೆಂಡಾಲಿನಾಚೆಗೂ ಕೇಳುತ್ತಿತ್ತು. ನಾನು ಮರೆತಿಲ್ಲ.

ಕೋಪ ಇಳಿದಿಲ್ಲ. ಆದರೂ ಇಲ್ಲಿ ಎಲ್ಲರೂ ಕ್ಷೇಮ. ನನ್ನ ತಂಗಿ ನೀಲಾಂಬಿಕೆಗೆ ಅವಳ ಅತ್ತಿಗೆ ಹಪ್ಪಳ ಕಳುಹಿಸಿದ್ದಾಳೆ.

ಪಂಚಾಕ್ಷರಯ್ಯ


ಹಾಸನ
20ನೇ ಮಾರ್ಚ್ 1943

ಭಾವನವರಿಗೆ ಪರಮಶಿವಯ್ಯನ ಶರಣು.

ಕಾಗದ ತಲುಪಿತು. ಕೋಪ ಬಂದಾಗ ನಿಮ್ಮ ಅಕ್ಷರ ಹೆಚ್ಚು ಚೆನ್ನಾಗಿರುತ್ತದೆ.

ನನಗೆ ಆ ಹೆಣ್ಣುಮಗಳ ಮೇಲೆ ವೈರವಿಲ್ಲ. ನಾನು ಬರೆದದ್ದು ನೋಡಿದ್ದನ್ನು. ಗಂಡನ ಹೆಣ ಬಿದ್ದಿದೆ, ಕೊಂದವನು ಎದುರಿಗೆ ಕೂತು ವೀಳ್ಯ ಮೆಲ್ಲುತ್ತಿದ್ದಾನೆ, ಇವಳು ಹಾಡುತ್ತಾಳೆ. ಹಾಡು ಎರಡು ಸಲ ಬಂದದ್ದು ನಿಜ. ಬೇಕಾದರೆ ಅಂದು ಟೆಂಟಿನಲ್ಲಿದ್ದ ಯಾರನ್ನಾದರೂ ಕೇಳಿ. ಆಮೇಲೇನಾಯಿತು? ಏನೂ ಇಲ್ಲ. ಹಾಡು ಮುಗಿಯಿತು, ‘ಶುಭಂ’ ಎಂದು ಪರದೆಯ ಮೇಲೆ ಬಂತು, ದೀಪ ಹಾಕಿದರು. ಹೆಣ ಅಂಗಳದಲ್ಲೇ ಉಳಿಯಿತು. ಇದು ಯಾವ ಶುಭವೆಂದು ನೀವೇ ಹೇಳಿ. ಕಥೆಯನ್ನು ಹೇಗೆ ಮುಗಿಸಬೇಕೆಂದು ತಿಳಿಯದವರು ಚಿತ್ರ ತೆಗೆಯಬಾರದು.

ನನ್ನ ಲೇಖನಕ್ಕೆ ಬಂದಿರುವ ಮೆಚ್ಚುಗೆಯನ್ನು ನೀವು ನೋಡಬೇಕಿತ್ತು. ಬಾರ್ ರೂಮಿನಲ್ಲಿ ಅದನ್ನು ಓದಿಸಿದರು. ಪೇಟೆಯ ವರ್ತಕರೊಬ್ಬರು ಪತ್ರಿಕೆಯ ಹತ್ತಾರು ಪ್ರತಿ ಕೊಂಡು ಹಂಚಿದರಂತೆ. ಇಷ್ಟು ಜನಕ್ಕೆ ಸರಿಯೆಂದು ತೋರಿದ್ದು ನಿಮ್ಮೊಬ್ಬರಿಗೆ ತಪ್ಪಾಗಿ ತೋರಿದೆ.

ಪ್ರಾಯದ ದಿನಗಳ ಹುಚ್ಚಾಟಗಳನ್ನು ಈಗ ಎತ್ತುವುದು ಬೇಡ.

ಹಪ್ಪಳ ತಲುಪಿತು. ನೀಲಾ ಚೆನ್ನಾಗಿದ್ದಾಳೆ. ಅವಳೂ ಅಕ್ಕಪಕ್ಕದವರೊಂದಿಗೆ ಆ ಚಿತ್ರಕ್ಕೆ ಹೋಗುವೆನೆಂದಿದ್ದಳು. ಹೋದಳೋ ಇಲ್ಲವೋ, ನಾನು ಕೇಳಲಿಲ್ಲ.

ಪರಮಶಿವಯ್ಯ


ಅರಕಲಗೂಡು
25ನೇ ಮಾರ್ಚ್ 1943

ಪರಮಶಿವಯ್ಯನವರಿಗೆ.

‘ಶುಭಂ’ ಎಂದು ಬಂತು, ದೀಪ ಹಾಕಿದರು! ಒಂದೋ ನೀವು ಹಾಡಿನ ಬಳಿಕ ಎದ್ದುಹೋಗಿದ್ದೀರಿ, ಇಲ್ಲವೇ ನಿದ್ದೆ ಹೋಗಿದ್ದೀರಿ. ಎರಡರಲ್ಲಿ ಯಾವುದಾದರೂ ಸರಿ, ಆ ಮೇಲೆ ಬರೆಯಲು ಕೂತದ್ದು ತಪ್ಪು.

ಹಾಡಿನ ಬಳಿಕ ಏನಾಗುತ್ತದೆಂದು ನಾನು ಹೇಳುತ್ತೇನೆ, ಕೇಳಿ. ಆ ಹೆಂಗಸು ಹಾಡುತ್ತಿರುವಷ್ಟು ಹೊತ್ತು ವೈರಿಯೂ ಅವನ ಭಂಟರೂ ಅಂಗಳ ಬಿಟ್ಟು ಕದಲುವುದಿಲ್ಲ. ಅಷ್ಟರಲ್ಲಿ ಹಿಂಬಾಗಿಲಿನಿಂದ ಕೋಟೆಯ ಜನವೆಲ್ಲ ಕೂಸುಕುನ್ನಿಗಳನ್ನು ಎತ್ತಿಕೊಂಡು ಪಾರಾಗುತ್ತಾರೆ. ಅವಳ ಮಗನೂ ಪಾರಾಗುತ್ತಾನೆ, ಆ ಬಾಗಿಲಿಗೆ ಹೊರಗಿನಿಂದ ಅಗುಳಿ ಬೀಳುತ್ತದೆ. ಆ ಹಾಡು ಅದಕ್ಕಾಗಿ! ಒಡವೆ ಹಾಕಿಕೊಂಡದ್ದು ಅದಕ್ಕಾಗಿ! ಹಾಡು ನಿಲ್ಲಿಸಿ ಅವಳು ಮುಷ್ಟಿ ಬಿಚ್ಚಿ ತೋರಿಸುತ್ತಾಳೆ: ಹೆಬ್ಬಾಗಿಲಿನ ಬೀಗದಕೈ. ಅವರು ಮೇಲೇಳುವುದರೊಳಗೆ ಅದನ್ನು ಬಾವಿಗೆ ಎಸೆಯುತ್ತಾಳೆ. ವೈರಿಗಳು ಬಾಗಿಲು ಗುದ್ದುತ್ತಾರೆ, ಕೂಗಾಡುತ್ತಾರೆ. ಇವಳು ಅತ್ತ ನೋಡುವುದೂ ಇಲ್ಲ. ಗಂಡನ ಪಕ್ಕ ಕೂತು ಒಂದೊಂದೇ ಒಡವೆ ತೆಗೆದು ಅವನ ಎದೆಯ ಮೇಲೆ ಇಡುತ್ತಾಳೆ. ಒಂದು ಮಾತಿಲ್ಲ, ಹಾಡಿಲ್ಲ, ಹಿಂದೆ ಹಾರ್ಮೋನಿಯಂ ಕೂಡ ಇಲ್ಲ.

ನೆಲದ ಮೇಲೆ ಕೂತವರು ಹಚ್ಚಿದ ಬೀಡಿ ಸೇದುವುದನ್ನು ಮರೆತರು. ನನ್ನ ಪಕ್ಕದಲ್ಲಿದ್ದ ಕೆಂಚಯ್ಯನೆಂಬ ರೈತ, ಹುಲಿಯನ್ನು ನೋಡಿ ಇಡೀ ಟೆಂಟಿಗೆ ಕೇಳುವಂತೆ ನಕ್ಕವನು, ಟವಲು ಬಾಯಿಗೆ ಒತ್ತಿಕೊಂಡು ಕೂತಿದ್ದ. ಹೊರಗೆ ಬಂದಮೇಲೆ, ‘ಏನ್ ಸಾ, ದುಡ್ಕೊಟ್ಟು ಅಳಾಕ್ ಬಂದಂಗಾಯ್ತಲ್ಲಾ!’ ಎಂದ.

ನಾನು ಈ ಚಿತ್ರ ಒಳ್ಳೆಯದೆಂದು ಹೇಳುತ್ತಿಲ್ಲ. ಮುಕ್ಕಾಲು ಪಾಲು ಕೆಟ್ಟದ್ದು. ಆದರೆ ಕಾವ್ಯದ ಕಡೆಯ ಹಾಳೆ ಹರಿದು ಓದಿ, ಕವಿಗೆ ಕಾವ್ಯ ಮುಗಿಸಲು ಬರುವುದಿಲ್ಲವೆಂದು ಬೈಯುವುದು ಯಾವ ವಿಮರ್ಶೆ? ಹತ್ತಾರು ಪ್ರತಿ ಹಂಚಿದ ವರ್ತಕರು ಚಿತ್ರ ನೋಡಿದ್ದಾರೆಯೇ, ಅಥವಾ ಅವರೂ ನಿಮ್ಮ ಲೇಖನವನ್ನು ಮಾತ್ರ ನೋಡಿದ್ದಾರೆಯೇ?

ಪಂಚಾಕ್ಷರಯ್ಯ


ಹಾಸನ
2ನೇ ಏಪ್ರಿಲ್ 1943

ಭಾವನವರಿಗೆ.

ಬೀಗದಕೈ, ಬಾವಿ, ಬೀಡಿ ಮರೆತ ಪ್ರೇಕ್ಷಕರು. ನೀವು ನಿವೃತ್ತರಾದಮೇಲೆ ಕಥೆ ಬರೆಯುವುದಕ್ಕೆ ಕೂತಿರಬಹುದೆಂದು ನನಗೆ ಗುಮಾನಿ. ನಾನು ಎದ್ದುಹೋಗಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ. ಆ ದಿನ ನನ್ನ ಜೊತೆ ಕುರ್ಚಿಯಲ್ಲಿ ಕೂತಿದ್ದ ಮೂವರು ವಕೀಲರೂ ಕಂಡದ್ದು ‘ಶುಭಂ’ ಮಾತ್ರ. ನಾಲ್ಕು ಜನರ ಕಣ್ಣಿಗೆ ಬೀಳದ ಬಾವಿ ನಿಮ್ಮೊಬ್ಬರ ಕಣ್ಣಿಗೆ ಬಿದ್ದಿದೆ. ಸಣ್ಣಯ್ಯ ಮೇಷ್ಟರ ಮೇಲಿನ ಅಭಿಮಾನ ಆ ಬಾವಿ ತೋಡಿರಬೇಕು.

ನಿಮಗೆ ತಿಳಿಸಬೇಕಾದ ಸಂಗತಿಯೊಂದಿದೆ. ನನ್ನ ಲೇಖನ ಓದಿದ ಪೋಷಕರು ಕೆಲವರು ಚನ್ನರಾಯಪಟ್ಟಣದ ಸಮಿತಿಗೆ ಅರ್ಜಿ ಕೊಟ್ಟಿದ್ದಾರೆ. 25ನೇ ತಾರೀಖು ಭಾನುವಾರ ಸಭೆ. ಗಂಗಾಂಬಿಕೆಯನ್ನು ಕೆಲಸದಲ್ಲಿ ಇಟ್ಟುಕೊಳ್ಳುವ ವಿಷಯ ಅಂದು ತೀರ್ಮಾನವಾಗುತ್ತದೆ. ಹೀಗಾಗಬೇಕೆಂದು ನಾನು ಬರೆದದ್ದಲ್ಲ. ಆದರೆ ಆಗಿದೆ. ಈಗ ನಾನು ನನ್ನ ಮಾತನ್ನೇ ಹಿಂದಕ್ಕೆ ತೆಗೆದುಕೊಂಡರೆ ಈ ಜಿಲ್ಲೆಯಲ್ಲಿ ನನ್ನ ವಕಾಲತ್ತಿಗೆ ಬೆಲೆಯೇನು?

ಇಲ್ಲಿ ಸೆಕೆ ಬಹಳ. ನೀಲಾ ಇತ್ತೀಚೆಗೆ ಹೆಚ್ಚು ಮಾತಾಡುವುದಿಲ್ಲ. ಸಾರು ಬಡಿಸಿ ಒಳಗೆ ಹೋಗಿಬಿಡುತ್ತಾಳೆ. ಸೆಕೆಗೆ ಹಾಗಾಗುತ್ತದೆಂದು ಡಾಕ್ಟರು ಹೇಳಿ ಔಷಧಿ ಕೊಟ್ಟಿದ್ದಾರೆ.

ಪರಮಶಿವಯ್ಯ


ಹೊಳೆನರಸೀಪುರ
9ನೇ ಏಪ್ರಿಲ್ 1943

ಪರಮಶಿವಯ್ಯನವರಿಗೆ.

ಇದ್ದಿಲ ಗ್ಯಾಸಿನ ಬಸ್ಸನ್ನು ದಿಣ್ಣೆ ಬಂದಲ್ಲೆಲ್ಲ ಇಳಿದು ತಳ್ಳಿ, ಅಂತೂ ಇಲ್ಲಿಗೆ ಬಂದೆ. ಬಂದದ್ದು ಬಾವಿ ಹುಡುಕಲು. ಸಿಕ್ಕಿತು. ನಿಮ್ಮ ಊರಿನಲ್ಲೇ ಅದನ್ನು ಮುಚ್ಚಿಹಾಕಿದ್ದರು.

ಟೆಂಟಿನ ಮಾಲೀಕ ತಿಮ್ಮಪ್ಪನನ್ನು ಹಿಡಿದು ಕೇಳಿದೆ. ಹಾಸನದಲ್ಲಿ ಟೆಂಟು ಹಾಕಿದ್ದವನೂ ಇವನೇ, ಅಲ್ಲಿಂದ ಇಲ್ಲಿಗೆ ತಂದವನೂ ಇವನೇ. ಮೊದಲು ತಲೆ ಕೆರೆದುಕೊಂಡ. ಆಮೇಲೆ ಹೇಳಿದ. ಅವನ ಮಾತಿನಲ್ಲೇ ಬರೆಯುತ್ತೇನೆ, ನೀವು ಇದಕ್ಕೂ ಸಾಕ್ಷಿ ಕೇಳುವವರು.

‘ಅಯ್ಯೋ ಸಾ, ಅವತ್ತಿಂದ್ ಏನ್ ಕೇಳ್ತೀರಾ. ಆಸನದಲ್ಲಿ ಶನಿವಾರದಾಟ, ಟೆಂಟು ತುಂಬೋಗಿತ್ತು. ಆ ಯಮ್ಮ ಹಾಡೇಳಿ ಮುಗುಸ್ತಿದ್ದಂಗೇ ವನ್ಸ್ ಮೋರ್ ಅಂತ ಕೂಗಾಕ್ ಇಡ್ಕಂಡ್ರು. ನಾಟ್ಕ ನೋಡಿ ಅಭ್ಯಾಸ ಅಲ್ವಾ, ಇದು ಫಿಲಂ ಅನ್ನಾದ್ ಗ್ಯಾನ ಇಲ್ಲ. ನಾನೂ ಸುಮ್ಕಿದ್ದೆ. ಕುರ್ಚೀಲ್ ಕೂತಿರೋ ದೊಡ್ಡೋರೇ ಎದ್ದು ನಿಂತ್ಕಂಡು ಕೂಗುದ್ರೆ ನಾನೇನ್ ಮಾಡ್ಲಿ? ರೀಲ್ ಬಿಚ್ಚಿ, ಹಿಂದಕ್ ಸುತ್ಸಿ, ಇನ್ನೊಂದ್ಸಲ ಬುಟ್ಟೆ.’

‘ಆಮೇಲೆ ಕಡೆಯ ರೀಲು?’

‘ಎಲ್ಲಿ ಸಾ ಆಕಾದು? ಸೀಮೆಎಣ್ಣೆ ರೇಷನ್ನು. ಎಂಜಿನ್ನು ಗೊರಗೊರ ಅಂತಿತ್ತು. ಮಧ್ಯದಲ್ ನಿಂತೋದ್ರೆ ಟೆಂಟಿಗ್ ಬೆಂಕಿ ಆಕ್ತಾರೆ ಜನ. ಅದ್ಕೇ ಶುಭಂ ಸ್ಲೈಡ್ ಆಕ್ಬುಟ್ಟೆ. ಯಾರೂ ಕೇಳ್ಲಿಲ್ಲ ಸಾ! ಹಾಡು ಎಲ್ಡ್ ಸಲ ಸಿಕ್ತಲ್ಲ ಅಂತ ಕುಸಿಯಾಗ್ ಹೋದ್ರು.’

ಮರುದಿನದಿಂದ ಅವನು ಕಡೆಯ ರೀಲನ್ನು ಬಿಡದೆ ತೋರಿಸಿದ್ದಾನೆ. ನೀವು ಹೋದ ಆ ಒಂದು ಆಟ ಮಾತ್ರ ಹಾಗೆ. ಎದ್ದು ನಿಂತು ಕೂಗಿದ ದೊಡ್ಡವರು ಯಾರೆಂದು ಎಷ್ಟು ಕೇಳಿದರೂ, ‘ಬುಡಿ ಸಾ, ನಂಗೆ ನಾಳೆ ಲೈಸೆನ್ಸ್ ಬೇಕು’ ಎಂದು ನಕ್ಕ. ನನಗೆ ಆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ. ಆದರೆ ನೀವು ಅಲ್ಲೇ ಇದ್ದಿರಿ. ಆ ಕೂಗು ನಿಮ್ಮ ಕಿವಿಗೂ ಬಿದ್ದಿರಬೇಕು. ಹಾಡು ಎರಡು ಸಲ ಬಂದದ್ದು ಕೂಗಿದ್ದಕ್ಕೆ ಎಂದು ತಿಳಿದಿದ್ದೂ ‘ಎರಡು ಸಲ ಹಾಡುತ್ತಾಳೆ’ ಎಂದು ಅವಳ ಲೆಕ್ಕಕ್ಕೆ ಬರೆದಿರಿ. ಕಡೆಯ ರೀಲು ನಿಮಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಇದು ಗೊತ್ತಿತ್ತು.

25ರೊಳಗೆ ನಿಮ್ಮ ಪತ್ರಿಕೆ ಹೊರಡುವ ಎರಡು ಗುರುವಾರ ಉಳಿದಿವೆ. ಪತ್ರಿಕೆಯಲ್ಲಿ ತಿದ್ದುಪಡಿ ಬರಬೇಕು. ಚಿತ್ರವನ್ನು ಹೊಗಳಿ ಎಂದು ನಾನು ಕೇಳುತ್ತಿಲ್ಲ. ಹುಲಿಯನ್ನೂ ಪಾಳೆಯಗಾರನ ಹೊಟ್ಟೆಯನ್ನೂ ಬೇಕಾದಷ್ಟು ಬೈಯಿರಿ. ಆದದ್ದನ್ನು ಆದಂತೆ ಬರೆಯಿರಿ, ಸಾಕು.

ಪಂಚಾಕ್ಷರಯ್ಯ


ಹಾಸನ
16ನೇ ಏಪ್ರಿಲ್ 1943

ಭಾವನವರಿಗೆ.

ಟೆಂಟಿನವನ ಮಾತನ್ನು ನಂಬಿ ನನ್ನ ಮೇಲೆ ಕಟಕಟೆಯ ದನಿಯಲ್ಲಿ ಬರೆದಿದ್ದೀರಿ. ಇರಲಿ. ರೀಲು ಬಿಟ್ಟುಹೋದದ್ದು ನಿಜವಿರಬಹುದು. ಹಾಗಾದರೆ ತಪ್ಪು ತಿಮ್ಮಪ್ಪನದು, ಸೀಮೆಎಣ್ಣೆಯದು, ಯುದ್ಧದ್ದು. ಪ್ರೇಕ್ಷಕ ತನ್ನ ಮುಂದೆ ಬಂದದ್ದನ್ನು ನೋಡುತ್ತಾನೆ, ಬಾರದ್ದನ್ನು ಹೇಗೆ ನೋಡಿಯಾನು?

ಯಾರು ಕೂಗಿದರೆಂಬುದು ಅಪ್ರಸ್ತುತ. ಗದ್ದಲದಲ್ಲಿ ಯಾರ ದನಿ ಯಾರದೆಂದು ಹೇಳಲು ಬರುವುದಿಲ್ಲ.

ಕಾಗದದ ಅಭಾವದಿಂದ ಪತ್ರಿಕೆ ಈಗ ಅರ್ಧಕ್ಕೆ ಇಳಿದಿದೆ. ಆದರೂ ನಿಮ್ಮ ಮಾತಿಗೆ ಬೆಲೆ ಕೊಟ್ಟು ನಾಲ್ಕು ಸಾಲು ಬರೆದಿದ್ದೇನೆ: ‘ಪ್ರೇಕ್ಷಕರ ಒತ್ತಾಯದ ಮೇರೆಗೆ ಹಾಡನ್ನು ಮತ್ತೊಮ್ಮೆ ತೋರಿಸಿದ್ದರಿಂದ ಚಿತ್ರದ ಕೊನೆಯ ಭಾಗವನ್ನು ಬಿಟ್ಟಿದ್ದರೆಂದು ಈಗ ತಿಳಿದುಬಂದಿದೆ.’ ಇದು ಸಭೆ ಮುಗಿದಮೇಲೆ ಅಚ್ಚಾಗುವುದು ಯುಕ್ತ. ಸಭೆಗೆ ಮುಂಚೆ ಬಂದರೆ ಸಮಿತಿಯ ಮೇಲೆ ಒತ್ತಡ ತಂದಂತಾಗುತ್ತದೆ.

ನೀಲಾಗೆ ಇದ್ದಕ್ಕಿದ್ದಂತೆ ತವರಿನ ನೆನಪಾಗಿದೆ. ಊಟ ಮಾಡುತ್ತಿದ್ದಾಗ ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದ್ದೆ. ಕೇಳಿದವಳು ಕೈತೊಳೆದು ಟ್ರಂಕು ತೆಗೆದಳು. ನಾಳೆಯ ಬಸ್ಸಿಗೆ ಹತ್ತಿಸುತ್ತೇನೆ. ಅಲ್ಲಿಯ ಗಾಳಿಗೆ ಸರಿಹೋದಾಳು. ಸ್ಟ್ಯಾಂಡಿನಲ್ಲಿ ಯಾರನ್ನಾದರೂ ನಿಲ್ಲಿಸಿ.

ಪರಮಶಿವಯ್ಯ


ಅರಕಲಗೂಡು
19ನೇ ಏಪ್ರಿಲ್ 1943

ಪರಮಶಿವಯ್ಯನವರಿಗೆ.

ನಿಮ್ಮ ಹೆಂಡತಿ ಕ್ಷೇಮವಾಗಿ ತಲುಪಿದಳು. ಅವಳಿಗೆ ಸೆಕೆಯೂ ಇಲ್ಲ, ತವರಿನ ನೆನಪೂ ಅಲ್ಲ.

ಬಂದವಳು ಕಾಲು ತೊಳೆದು, ಪೂಜೆ ಮುಗಿಸಿ, ನನ್ನೆದುರು ಕೂತಳು. ‘ಅಣ್ಣ, ತಿಮ್ಮಪ್ಪ ಹೆಸರು ಹೇಳ್ಲಿಲ್ವಾ?’ ಎಂದಳು. ಇಲ್ಲವೆಂದೆ.

‘ನಾನು ಹೇಳ್ತೀನಿ. ನಾನೂ ಅವತ್ತೇ ಹೋಗಿದ್ದೆ, ಪಕ್ಕದ ಮನೆ ಅನಸೂಯಮ್ಮನ ಜೊತೆ. ಹೆಂಗಸರ ಕಡೆ, ಪರದೆ ಈಚೆಗೆ. ನಿಮ್ಮ ಭಾವಮೈದುನರು ಕುರ್ಚೀಲಿದ್ದದ್ದು ನನಗೆ ಕಾಣಿಸ್ಲಿಲ್ಲ. ಕೇಳಿಸ್ತು.’

ಅವಳೇ ಮುಂದುವರಿಸಿದಳು.

‘ಮೊದಲನೇ ವನ್ಸ್ ಮೋರ್ ಅವರದೇ. ಆಮೇಲೆ ಮಿಕ್ಕೋರು ಸೇರಿಕೊಂಡ್ರು. ಅನಸೂಯಮ್ಮ ನನ್ನ ತೊಡೆ ಚಿವುಟಿ, ಏನ್ರೀ ನಿಮ್ಮ ಯಜಮಾನರ ಗಂಟಲು ಇನ್ನೂ ಗಟ್ಟಿಯಾಗಿದೆ ಅಂತ ನಕ್ಕರು. ನಾನೂ ನಕ್ಕೆ. ಮದುವೆ ಆದ ವಾರ ಕೇಳಿದ ಕೂಗು, ಇಷ್ಟು ವರ್ಷ ಆದ್ಮೇಲೆ ಕೇಳಿ ಖುಷಿ ಆಯ್ತು. ಮನೆಗೆ ಬಂದ್ಮೇಲೆ ಅದೇ ಹಾಡು ಗುನುಗ್ತಾ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ್ರು. ಗುರುವಾರ ಪತ್ರಿಕೆ ಬಂತು.’

ಪಕ್ಕದಲ್ಲಿದ್ದ ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿದಳು.

‘ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ ಅಣ್ಣ. ಸಾರು ಬಡಿಸೋವಾಗೆಲ್ಲ ಕಾದೆ. ನಿಮ್ಮ ಕಾಗದ ನನಗೇ ಓದಿ ಹೇಳಿ, ನೋಡು ನಿಮ್ಮಣ್ಣನ ಹುಚ್ಚು ಅಂದ್ರು.’

ಈಗ ನನ್ನ ಮಾತು ಕೇಳಿ. ಆ ಹಾಡು ನಿಮಗೆ ಹಿಡಿಸಿತು. ಆ ಹುಡುಗಿಯ ದನಿ ನಿಮ್ಮನ್ನು ಕುರ್ಚಿಯಿಂದ ಎಬ್ಬಿಸಿತು. ಹಿಡಿಸಿದ್ದು ತಪ್ಪಲ್ಲ. ಹೆಣದ ಮುಂದೆ ಕೂತವಳ ಹಾಡಿಗೆ ಎದ್ದು ನಿಂತು ಕೂಗಿದೆನೆಂದು ಆಮೇಲೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಅವಳ ತಲೆಗೆ ಕಟ್ಟಿದಿರಿ. ನಿಮ್ಮ ನಾಲ್ಕು ಸಾಲಿನಲ್ಲಿ ‘ಪ್ರೇಕ್ಷಕರ’ ಎಂಬ ಪದವನ್ನು ಹೊಡೆದು ನಿಮ್ಮ ಹೆಸರು ಬರೆಯಿರಿ. 22ನೇ ತಾರೀಖಿನ ಗುರುವಾರಕ್ಕೆ ಇನ್ನೂ ಹೊತ್ತಿದೆ. ಅಚ್ಚಿನ ಮನೆ ನಿಮ್ಮ ಬೀದಿಯಲ್ಲೇ ಇದೆ.

ಪಂಚಾಕ್ಷರಯ್ಯ


ಹಾಸನ
23ನೇ ಏಪ್ರಿಲ್ 1943

ಭಾವನವರಿಗೆ.

ಕಾಗದ ತಲುಪಿತು. ನೀಲಾಳ ಔಷಧಿಯ ಸೀಸೆ ಇಲ್ಲೇ ಉಳಿದಿದೆ, ಯಾರಾದರೂ ಬರುವವರಿದ್ದರೆ ಕಳುಹಿಸುತ್ತೇನೆ. ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗುತ್ತೇನೆ. ಅಲ್ಲಿ ಯುಕ್ತವೆಂದು ತೋರಿದಂತೆ ನಡೆಯುತ್ತೇನೆ.

ಪ.


ಚನ್ನರಾಯಪಟ್ಟಣ
26ನೇ ಏಪ್ರಿಲ್ 1943

ಪರಮಶಿವಯ್ಯನವರಿಗೆ.

ನಿನ್ನೆ ನೀವು ನನ್ನನ್ನು ನೋಡಿದಿರಿ, ನೋಡದವರಂತೆ ಕಾರು ಹತ್ತಿದಿರಿ. ಸಭೆ ನಡೆದ ಕೋಣೆಯ ಕಿಟಕಿಯ ಹೊರಗೆ ನಾನು ಮೊದಲಿನಿಂದ ಕಡೆಯವರೆಗೂ ನಿಂತಿದ್ದೆ. ಒಳಗಿನ ಪ್ರತಿಯೊಂದು ಮಾತೂ ಕೇಳಿಸಿತು. ನಿಮ್ಮದು ಕೇಳಿಸಲಿಲ್ಲ.

ಅಧ್ಯಕ್ಷರಾದ ರಂಗಸ್ವಾಮಿಗೌಡರು ನೇರ ಮನುಷ್ಯ. ‘ಏನ್ ಪರ್ಮಶಿವಯ್ನೋರೇ, ಪೇಪರ್ನಾಗೆ ಬರ್ದೋರು ನೀವು. ಇನ್ನೊಂದ್ ರೀಲ್ ಐತೆ, ಅದ್ರಲ್ಲಿ ಆ ಯಮ್ಮ ಒಳ್ಳೇವ್ಳೇ ಅಂತ ಅರಕಲಗೂಡಿನ ಮೇಷ್ಟ್ರು ಕಾಗ್ದ ಬರ್ದವ್ರೆ. ನಿಜ್ವಾ? ನೀವೊಂದ್ ಮಾತ್ ಏಳ್ಬುಡಿ, ನಾವು ಸುಮ್ಕಾಗ್ಬುಡ್ತೀವಿ’ ಎಂದು ಕೇಳಿದರು. ಇಷ್ಟು ಸುಲಭವಾಗಿ ಯಾರಾದರೂ ಬಾಗಿಲು ತೆರೆದು ಕೊಡುತ್ತಾರೆಯೇ! ನೀವು ಕನ್ನಡಕ ಒರೆಸಿದಿರಿ. ‘ಸಮಿತಿಗೆ ಹೇಗೆ ತೋರುತ್ತದೋ ಹಾಗೆ’ ಎಂದು ಗೊಣಗಿದ್ದು ಯಾರೋ ಹೇಳಿದ ಮೇಲೆ ನನಗೆ ತಿಳಿಯಿತು. ಟೆಂಟು ನಡುಗಿಸಿದ ಗಂಟಲು ಒಂದು ಕೋಣೆಯ ಕಿಟಕಿ ದಾಟಲಿಲ್ಲ.

ಅವಳನ್ನು ತೆಗೆದುಹಾಕಿದರು.

ಸಂಜೆ ಗಂಗಾಂಬಿಕೆಯ ಮನೆಗೆ ಹೋದೆ. ತಾಯಿ ಒಳಗೆ ಮಲಗಿದ್ದರು. ಇವಳು ಅಕ್ಕಿ ಆರಿಸುತ್ತಿದ್ದಳು. ನಾನು ಬಾವಿ, ಬೀಗದಕೈ, ರೀಲು, ಎಲ್ಲವನ್ನೂ ಹೇಳಿ, ಚಿತ್ರ ಪೂರ್ತಿ ನೋಡಿದ್ದರೆ ಯಾರೂ ಹೀಗೆ ಮಾಡುತ್ತಿರಲಿಲ್ಲವೆಂದು ಸಮಾಧಾನ ಮಾಡಹೋದೆ.

‘ಮೇಷ್ಟ್ರೇ,’ ಎಂದಳು, ಮೊರದಿಂದ ಕಣ್ಣೆತ್ತದೆ, ‘ಚಿತ್ರ ಚೆನ್ನಾಗಿದೆ ಅಂತ ನೀವು ಬರೀತೀರಿ, ಕೆಟ್ಟದ್ದು ಅಂತ ಅವರು ಬರೀತಾರೆ. ಒಂದೂವರೆ ತಿಂಗಳಾಯ್ತು. ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?’

ಅಕ್ಕಿಯಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

‘ನನಗೇ ಆ ಚಿತ್ರ ಚೆನ್ನಾಗಿಲ್ಲ. ಆ ಹುಲಿ ನೋಡಿ ನಾನೇ ನಕ್ಕುಬಿಟ್ಟೆ. ಹಾಡಿನಲ್ಲೂ ಎರಡು ಕಡೆ ಶ್ರುತಿ ಬಿಟ್ಟಿದ್ದೀನಿ. ಕಡೇಲಿ ಒಡವೆ ತೆಗೆಯೋದು ಇದೆಯಲ್ಲ, ಅದೊಂದು ಮಾತ್ರ ಸರಿಯಾಗಿದೆ. ಅದನ್ನ ನನಗೆ ಯಾರೂ ಹೇಳಿಕೊಡ್ಲಿಲ್ಲ. ಹೇಗೆ ತೆಗೆಯೋದು ಅಂತ ನನಗೆ ಗೊತ್ತಿತ್ತು.’

ಆ ಮಾತು ಕೇಳಿ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅರ್ಧ ಕೋಪ ನಿಮ್ಮ ಮೇಲೆ. ಇನ್ನರ್ಧ ಯಾರ ಮೇಲೆಂದು ಹೇಳಬೇಕಾಗಿಲ್ಲ.

ನೀಲಾ ಸದ್ಯಕ್ಕೆ ನಮ್ಮಲ್ಲೇ ಇರುತ್ತಾಳೆ. ಅದು ನನ್ನ ತೀರ್ಮಾನವಲ್ಲ, ಅವಳದು. ನಾನು ಊರಿನಿಂದ ಹೊರಡುವಾಗ ಅವಳು ಹೇಳಿದ್ದಿಷ್ಟು: ‘ಟೆಂಟು ತುಂಬ ಜನರ ಮಧ್ಯೆ ಕೂಗಿದ್ರು. ಸಮಿತಿಯ ಐದು ಜನರ ಮಧ್ಯೆ ಒಂದು ಸಲ ಕೂಗಲಿ. ಆಮೇಲೆ ಬರ್ತೀನಿ.’

ಪಂಚಾಕ್ಷರಯ್ಯ


ಹಾಸನ
14ನೇ ಮೇ 1943

ಭಾವನವರಿಗೆ ಶರಣು.

ಇದರ ಜೊತೆಗೆ ನಿನ್ನೆಯ ಸಂಚಿಕೆ ಇಟ್ಟಿದ್ದೇನೆ. ಮೂರನೆಯ ಪುಟ. ‘ಪ್ರೇಕ್ಷಕರ’ ಎಂಬ ಪದವಿಲ್ಲ. ನಾನು ಎದ್ದು ನಿಂತದ್ದು, ಮೊದಲು ಕೂಗಿದ್ದು, ಅದನ್ನು ಮುಚ್ಚಿ ಬರೆದದ್ದು, ಎಲ್ಲ ಇದೆ. ಅಚ್ಚಿನ ಮನೆಯವರು ಎರಡು ಸಲ ಕೇಳಿದರು, ಇದೇ ಬರಹವನ್ನು ಜೋಡಿಸಬೇಕೇ ಎಂದು.

ಹೋದ ಭಾನುವಾರ, 9ರಂದು, ನನ್ನ ಕೋರಿಕೆಯ ಮೇಲೆ ಸಮಿತಿ ಮತ್ತೆ ಸೇರಿತು. ನಿಂತು ಹೇಳಿದೆ. ಕಿಟಕಿಯಾಚೆಗೆ ಕೇಳುವಂತೆಯೇ ಹೇಳಿದೆ. ರಂಗಸ್ವಾಮಿಗೌಡರು ಬಹಳ ಹೊತ್ತು ನಕ್ಕರು. ‘ಅಲ್ಲಾ ವಕೀಲ್ರೇ, ಎಲ್ಡ್ ಸಲ ಕೇಳೋ ಅಂಗೆ ಹಾಡೋ ಮೇಷ್ಟ್ರನ್ನ ನಾವು ಓಡ್ಸಿದ್ವಾ!’ ಎಂದರು. ಕೆಲಸಕ್ಕೆ ಮರಳಿ ತೆಗೆದುಕೊಳ್ಳಲು ಒಪ್ಪಿ ಆರ್ಡರು ಬರೆದುಕೊಟ್ಟರು. ಅದನ್ನು ನಾನೇ ಅವಳ ಮನೆಗೆ ಒಯ್ಯಬೇಕಿತ್ತು. ಬೀದಿಯ ತಿರುವಿನವರೆಗೆ ಹೋದೆ. ಅಲ್ಲಿಂದಲೇ ತಿರುಗಿ ಬಂದೆ. ಆರ್ಡರನ್ನು ನಿಮಗೆ ಕಳುಹಿಸುತ್ತಿದ್ದೇನೆ, ದಯವಿಟ್ಟು ನೀವು ಕೊಡಿ.

ಬಾರ್ ರೂಮಿನಲ್ಲಿ ನಾನು ಒಳಗೆ ಹೋದರೆ ಯಾರಾದರೊಬ್ಬರು ಹಿಂದಿನಿಂದ ‘ವನ್ಸ್ ಮೋರ್’ ಎನ್ನುತ್ತಾರೆ. ಎನ್ನಲಿ.

ಒಂದು ಮಾತು ಮಾತ್ರ. ಅರಸೀಕೆರೆಯಲ್ಲಿ ಈಗ ತಿಮ್ಮಪ್ಪನ ಟೆಂಟಿದೆ. ಹೋಗಿ ಕಡೆಯ ರೀಲಿನವರೆಗೂ ಕೂತು ನೋಡಿದೆ. ಕಡೆಯ ರೀಲು ನೀವು ಹೇಳಿದಂತೆಯೇ ಇದೆ. ಮಿಕ್ಕ ಚಿತ್ರ ಕೆಟ್ಟದ್ದೆಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ.

ಸಂಚಿಕೆಯನ್ನು ನೀಲಾಳಿಗೆ ತೋರಿಸಿ.

ಪರಮಶಿವಯ್ಯ


ಅರಕಲಗೂಡು
20ನೇ ಮೇ 1943

ಪರಮಶಿವಯ್ಯನವರಿಗೆ ಶರಣು.

ಮಿಕ್ಕ ಚಿತ್ರ ಕೆಟ್ಟದ್ದು. ಅದನ್ನು ನಾನು ಮೊದಲನೆಯ ಕಾಗದದಲ್ಲೇ ಬರೆದಿದ್ದೆ. ಅಷ್ಟಕ್ಕೇ ಒಪ್ಪಿ ಸುಮ್ಮನಿದ್ದಿದ್ದರೆ ಇಬ್ಬರಿಗೂ ಎಷ್ಟು ಕಾಗದ ಉಳಿಯುತ್ತಿತ್ತು!

ಮೂರನೆಯ ಪುಟವನ್ನು ನೀಲಾ ಓದಿದಳು. ಓದಿ, ಪತ್ರಿಕೆ ಮಡಿಸಿ, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ಸೋಮವಾರದ ಬಸ್ಸಿಗೆ ಬರುತ್ತಾಳೆ. ಸ್ಟ್ಯಾಂಡಿಗೆ ಆಳನ್ನು ಕಳುಹಿಸಬೇಡಿ, ನೀವೇ ಬರಬೇಕಂತೆ.

ಆರ್ಡರು ತೆಗೆದುಕೊಂಡು ಮೊನ್ನೆ ಚನ್ನರಾಯಪಟ್ಟಣಕ್ಕೆ ಹೋದೆ. ನಾನು ಹೋದಾಗ ಗಂಗಾಂಬಿಕೆಯ ಪಡಸಾಲೆಯ ತುಂಬ ಹುಡುಗಿಯರು. ಶಾಲೆಯವರೇ. ಅವರ ಅಮ್ಮಂದಿರು ಸಂಜೆ ಹೊತ್ತು ಹಾಡು ಕಲಿಯಲು ಇಲ್ಲಿಗೇ ಕಳುಹಿಸುತ್ತಿದ್ದಾರೆ. ಅರ್ಜಿಗೆ ಸಹಿ ಹಾಕಿದ ಒಬ್ಬರ ಮಗಳೂ ಇದ್ದಳು. ಅವಳ ತಾಯಿ ದೊಡ್ಡತಾಯಮ್ಮ ಬಾಗಿಲಲ್ಲೇ ಕೂತು, ‘ಅವುರ್ ಸೈನ್ ಅವುರ್ದು, ನನ್ ಮಗಳು ನಂದು’ ಎಂದು ನನಗೆ ಜಾಗ ಬಿಟ್ಟಳು.

ಪಾಠ ಮುಗಿಯುವವರೆಗೂ ಕಾದೆ. ಆಮೇಲೆ ಆರ್ಡರು ಕೊಟ್ಟೆ. ನೀವು ಬರೆದದ್ದನ್ನೂ ಓದಿ ಹೇಳಿದೆ. ಗೌಡರ ನಗುವನ್ನೂ ಬಿಡಲಿಲ್ಲ. ಇನ್ನೇನು ಹೇಳಲಿ, ಇಡೀ ದಾರಿ ಬಸ್ಸು ತಳ್ಳುತ್ತಾ ನನ್ನ ಮನಸ್ಸಿನಲ್ಲಿ ಅವಳ ಸಂತೋಷದ ಮುಖವೇ ಇತ್ತು.

ಅವಳು ಆರ್ಡರನ್ನು ಓದಿದಳು. ಓದಿ ನನ್ನ ಕೈಗೇ ವಾಪಸು ಕೊಟ್ಟಳು.

‘ಯಾಕಮ್ಮ?’ ಎಂದೆ.

‘ಆ ಕೋಣೆಯಲ್ಲಿ ನಾಲ್ಕು ವರ್ಷ ಹಾಡು ಹೇಳಿಕೊಟ್ಟೆ ಮೇಷ್ಟ್ರೇ. ನನ್ನನ್ನ ತೆಗೆದ ದಿನ ಅಲ್ಲಿ ಒಬ್ಬರೂ ಎದ್ದು ನಿಲ್ಲಲಿಲ್ಲ. ಈಗ ಅವರು ನಕ್ಕು ಒಪ್ಪಿಕೊಂಡ್ರೆ ನಾನು ಹೋಗಿ ನಿಂತ್ಕೋಬೇಕಾ?’ ಹಾರ್ಮೋನಿಯಂ ಮುಚ್ಚಿ, ಬಟ್ಟೆ ಹೊದಿಸಿದಳು. ‘ವಕೀಲರು ಬರೆದದ್ದು ಒಳ್ಳೇದಾಯ್ತು. ಅವರ ಮನೆಯವರು ವಾಪಸು ಹೋಗ್ತಾರಲ್ಲ, ಅದೂ ಒಳ್ಳೇದೇ. ಆದ್ರೆ ಗೌಡ್ರಿಗೂ ವಕೀಲ್ರಿಗೂ ಒಂದು ಮಾತು ತಿಳಿಸಿಬಿಡಿ.’

ತಿಳಿಸುತ್ತಿದ್ದೇನೆ. ಅವಳು ಹೇಳಿದ್ದು ಇಷ್ಟೇ:

‘ವನ್ಸ್ ಮೋರ್ ಇಲ್ಲ.’

ಪಂಚಾಕ್ಷರಯ್ಯ